ಅಕ್ಷರ ಒಲಿಯದ ಮಗುವೂ ಕನ್ನಡದ ಮಗುವೇ



ನೀವು ಓದಿದ ಶಾಲೆಯ ಕೊನೆಯ ಬೆಂಚನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ಅಲ್ಲೊಬ್ಬ ಹುಡುಗನಿದ್ದ. ಮಾತಿನಲ್ಲಿ ಚುರುಕು, ಆಟದಲ್ಲಿ ಮುಂದು, ಕೆಟ್ಟ ಸೈಕಲ್ಲನ್ನು ಬಿಚ್ಚಿ ಮತ್ತೆ ಜೋಡಿಸುವುದರಲ್ಲಿ ಎತ್ತಿದ ಕೈ. ಆದರೆ ಮೇಷ್ಟ್ರು 'ಏಳೋ, ಪಾಠ ಓದು' ಅಂದ ಕೂಡಲೇ ಮೈಯೆಲ್ಲ ಬೆವರು. ಒಂದೊಂದು ಅಕ್ಷರಕ್ಕೂ ತಡವರಿಸುತ್ತಿದ್ದ. ಒತ್ತಕ್ಷರ ಬಂದರೆ ನಿಂತೇಬಿಡುತ್ತಿದ್ದ. ಸುತ್ತ ಕಿಸಕಿಸ ನಗು. ಮೇಷ್ಟ್ರ ಕೈಯಲ್ಲಿ ಬೆತ್ತ. ಕೊನೆಗೆ ತರಗತಿಯ ಮುಂದೆಯೇ ಒಂದು ಪದವಿ ಪ್ರದಾನ: ದಡ್ಡ!

ಅವನು ಎಸೆಸೆಲ್ಸಿ ಮುಟ್ಟುವ ಮೊದಲೇ ಶಾಲೆ ಬಿಟ್ಟಿರಬಹುದು. ಗ್ಯಾರೇಜೋ ಹೋಟೆಲೋ ಸೇರಿರಬಹುದು. 'ಅವನ ತಲೆಗೆ ವಿದ್ಯೆ ಹತ್ತಲಿಲ್ಲ' ಎಂದು ಮನೆಯವರೂ ಕೈಚೆಲ್ಲಿರಬಹುದು. ನಾವು ಇವತ್ತು ಹೇಳಬೇಕಾಗಿರುವುದು ಇಷ್ಟೇ. ವಿದ್ಯೆ ಹತ್ತಲಿಲ್ಲ ಎಂಬುದು ಸುಳ್ಳು. ಹತ್ತುವ ಹಾಗೆ ಅವನಿಗೆ ಯಾರೂ ಕಲಿಸಲಿಲ್ಲ. ಅವನ ಭಾಷೆಯಲ್ಲಂತೂ ಕಲಿಸಲೇ ಇಲ್ಲ.

ಕಣ್ಣು ನೆಟ್ಟಗಿದೆ, ಕಿವಿ ನೆಟ್ಟಗಿದೆ, ಬುದ್ಧಿ ಎಲ್ಲರಷ್ಟೇ ಇದೆ, ಶಾಲೆಗೂ ತಪ್ಪದೆ ಹೋಗುತ್ತದೆ. ಆದರೂ ಮಗುವಿಗೆ ಅಕ್ಷರ ಒಲಿಯುವುದಿಲ್ಲ. ಓದಿನ ಈ ತೊಡಕಿಗೆ ಡಿಸ್ಲೆಕ್ಸಿಯಾ ಎಂದು ಹೆಸರು. ಬರವಣಿಗೆಯಲ್ಲಿ ಬಂದರೆ ಡಿಸ್ಗ್ರಾಫಿಯಾ, ಲೆಕ್ಕದಲ್ಲಿ ಬಂದರೆ ಡಿಸ್ಕ್ಯಾಲ್ಕುಲಿಯಾ. ಸರ್ಕಾರಿ ಕಡತದಲ್ಲಿ ಇವೆಲ್ಲವನ್ನೂ ಸೇರಿಸಿ 'ನಿರ್ದಿಷ್ಟ ಕಲಿಕಾ ನ್ಯೂನತೆ' ಎನ್ನುತ್ತಾರೆ. ಹೆಸರು ಏನೇ ಇರಲಿ, ಇದು ರೋಗವಲ್ಲ, ಸೋಮಾರಿತನವಲ್ಲ, ಹಿಂದಿನ ಜನ್ಮದ ಕರ್ಮವೂ ಅಲ್ಲ. ಮಿದುಳು ಸದ್ದನ್ನೂ ಅಕ್ಷರವನ್ನೂ ಜೋಡಿಸುವ ರೀತಿಯಲ್ಲೇ ಇರುವ ಒಂದು ವ್ಯತ್ಯಾಸ. ಹುಟ್ಟಿನಿಂದ ಬಂದದ್ದು. ಮಾತ್ರೆ, ಟಾನಿಕ್ಕು, ಯಂತ್ರ, ತಾಯಿತಗಳಿಂದ ಹೋಗುವಂಥದ್ದಲ್ಲ. ಆದರೆ ಸರಿಯಾಗಿ ಕಲಿಸಿದರೆ ಮಗು ಓದಲು ಕಲಿಯುತ್ತದೆ. ಈ ಕೊನೆಯ ಮಾತನ್ನು ಮಾತ್ರ ಮರೆಯಬೇಡಿ.

ಇದು ಹೊಸ ಸಂಗತಿಯೂ ಅಲ್ಲ. ಡಿಸ್ಲೆಕ್ಸಿಯಾ ಎಂಬ ಪದವನ್ನು ಜರ್ಮನಿಯ ಕಣ್ಣಿನ ವೈದ್ಯ ರುಡಾಲ್ಫ್ ಬರ್ಲಿನ್ ಬಳಕೆಗೆ ತಂದದ್ದು 1880ರ ದಶಕದಲ್ಲಿ. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಹದಿನಾಲ್ಕು ವರ್ಷದ ಹುಡುಗನೊಬ್ಬನ ಬಗ್ಗೆ ಬರೆದ. ಹುಡುಗ ಬುದ್ಧಿವಂತ, ಲೆಕ್ಕದಲ್ಲಿ ಗಟ್ಟಿಗ, ಆದರೆ ಓದು ಬಾರದು. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಶಾಲೆಗೆಲ್ಲ ಇವನೇ ಜಾಣನಾಗಿರುತ್ತಿದ್ದ ಎಂದು ಅವನ ಮೇಷ್ಟ್ರೇ ಹೇಳಿದ್ದರಂತೆ. ಅಲ್ಲಿಂದ ಇಲ್ಲಿಗೆ ನೂರಿಪ್ಪತ್ತೈದು ವರ್ಷಕ್ಕೂ ಮೇಲಾಯಿತು. ನಮ್ಮಲ್ಲಿ ಮಾತ್ರ 2007ರಲ್ಲಿ 'ತಾರೇ ಜಮೀನ್ ಪರ್' ಎಂಬ ಹಿಂದಿ ಸಿನಿಮಾ ಬಂದ ಮೇಲೆ ನಗರದ ಅಪ್ಪ ಅಮ್ಮಂದಿರಿಗೆ ಈ ಪದ ಗೊತ್ತಾಯಿತು. ಥಿಯೇಟರಿನಲ್ಲಿ ಕಣ್ಣೀರು ಹಾಕಿ ಮನೆಗೆ ಬಂದವರು ಮಾರನೆಯ ದಿನ ತಮ್ಮ ಮಗನಿಗೆ 'ಪಕ್ಕದ ಮನೆಯವನನ್ನು ನೋಡಿ ಕಲಿ' ಎಂದು ಗದರಿದ್ದೂ ಉಂಟು.

'ಸರಿ ಸ್ವಾಮಿ, ಇದು ಡಾಕ್ಟರುಗಳ ವಿಷಯ, ಮೇಷ್ಟ್ರುಗಳ ವಿಷಯ. ಕನ್ನಡದ ಕೆಲಸಕ್ಕೂ ಇದಕ್ಕೂ ಏನು ಸಂಬಂಧ?' ಎಂದು ನೀವು ಕೇಳಬಹುದು. ಸಂಬಂಧ ಇದೆ. ಓದಲು ಕಷ್ಟಪಡುವ ಕನ್ನಡದ ಮಗುವಿನ ಕೈಯಿಂದ ಮೊಟ್ಟಮೊದಲು ಕಿತ್ತುಕೊಳ್ಳುವುದು ಏನನ್ನು ಗೊತ್ತೇ? ಕನ್ನಡವನ್ನು.

ಹೇಗೆ ಎಂದು ಹೇಳುವ ಮೊದಲು ನಮ್ಮ ಲಿಪಿಯ ಮಾತು ಆಡೋಣ. ಅದು ಗೊತ್ತಿಲ್ಲದೆ ಮಗುವಿನ ಕಷ್ಟ ಗೊತ್ತಾಗುವುದಿಲ್ಲ.

ಕನ್ನಡ ಬರೆದಂತೆ ಓದುವ ಭಾಷೆ ಎಂದು ನಾವೆಲ್ಲ ಎದೆ ತಟ್ಟಿಕೊಳ್ಳುತ್ತೇವೆ. ಬಹುಪಾಲು ನಿಜ. ಇಂಗ್ಲಿಷಿನಲ್ಲಿ ಚಾಕುವಿಗೆ 'ನೈಫ್' ಅನ್ನುತ್ತಾರೆ, ಬರೆಯುವುದು ಮಾತ್ರ 'ಕೆ' ಅಕ್ಷರದಿಂದ, ಆ 'ಕೆ'ಗೆ ಬಾಯೇ ಇಲ್ಲ. ಅಂಥ ಮೋಸ ಕನ್ನಡದಲ್ಲಿಲ್ಲ. 'ಕ' ಎಂದೆಂದಿಗೂ 'ಕ'. ಆದರೆ ನಮ್ಮ ಮಗು ಕಲಿಯಬೇಕಾದ ಆಕಾರಗಳ ಲೆಕ್ಕ ನೋಡಿ. ಇಂಗ್ಲಿಷಿನ ಮಗುವಿಗೆ 26 ಅಕ್ಷರ, ದೊಡ್ಡದು ಚಿಕ್ಕದು ಸೇರಿದರೆ 52. ನಮ್ಮ ವರ್ಣಮಾಲೆಯಲ್ಲಿ 49. ಅಲ್ಲಿಗೆ ಮುಗಿಯಲಿಲ್ಲ, ಶುರುವಾಯಿತು ಅಷ್ಟೆ. 34 ವ್ಯಂಜನಗಳಿಗೂ ತಲಕಟ್ಟು, ಇಳಿ, ಗುಡಿಸು, ಕೊಂಬು, ವಟ್ರಸುಳಿ, ಎತ್ವ, ಒತ್ವ ಎಂದು ಕಾಗುಣಿತ ಬರೆದರೆ ನಾನೂರು ದಾಟುತ್ತದೆ. ಅದರ ಮೇಲೆ ಒತ್ತಕ್ಷರಗಳು.

ಇನ್ನು ಹೋಲಿಕೆ. 'ದ'ಕ್ಕೂ 'ಧ'ಕ್ಕೂ ನಡುವೆ ಇರುವುದು ಕೆಳಗಿನ ಒಂದು ಸಣ್ಣ ಗೀಟು. 'ಪ', 'ಫ', 'ಷ' ಅಣ್ಣತಮ್ಮಂದಿರು. 'ವ', 'ಮ', 'ಯ' ಒಂದೇ ಮನೆಯವರಂತೆ ಕಾಣುತ್ತವೆ. 'ರ'ದ ಹೊಟ್ಟೆಯಲ್ಲಿ ಚುಕ್ಕೆ ಇಟ್ಟರೆ 'ಠ'. ನಿಮಗೆ ಇದು ತಮಾಷೆ. ಆ ಮಗುವಿಗೆ ದಿನಕ್ಕೆ ಐದು ಗಂಟೆಯ ಯುದ್ಧ.

'ಶಕ್ತಿ' ಎಂಬ ಪದವನ್ನು ಒಂದು ಕಾಗದದ ಮೇಲೆ ಬರೆದು ಅಪರಿಚಿತರಂತೆ ನೋಡಿ. 'ಶ' ಆಯಿತು. ಮುಂದೆ ಕಣ್ಣಿಗೆ ಬೀಳುವುದು 'ಕಿ'. ಅದರ ಕೆಳಗೆ ತಕಾರದ ಒತ್ತು. ಕಂಡಂತೆ ಓದಿದರೆ 'ಶಕಿತ' ಆಗಬೇಕು. ಗುಡಿಸು ಕೂತಿರುವುದು 'ಕ'ದ ತಲೆಯ ಮೇಲೆ, ಅದರ ಸದ್ದು ಬರುವುದು 'ತ' ಆದ ಮೇಲೆ! 'ಸೂರ್ಯ' ಬರೆಯಿರಿ. ನಾಲಿಗೆ ಮೊದಲು 'ರ್' ಅನ್ನುತ್ತದೆ, ಆಮೇಲೆ 'ಯ'. ಕೈ ಮೊದಲು 'ಯ' ಬರೆಯುತ್ತದೆ, ಆಮೇಲೆ ಅರ್ಕಾವತ್ತು. ಇದನ್ನು ಒಬ್ಬರಾದರೂ ಮೇಷ್ಟ್ರು ನಿಮಗೆ ಬಿಡಿಸಿ ಹೇಳಿದ್ದರೇ? ನಾವೆಲ್ಲ ನೂರು ಸಲ ನೋಡಿ, ನೂರು ಸಲ ಬರೆದು ಹೇಗೋ ದಾಟಿಕೊಂಡೆವು. ದಾಟಲಾಗದ ಮಗುವಿಗೆ ಸೇತುವೆ ಕಟ್ಟಲಿಲ್ಲ, ಬೆತ್ತ ತೋರಿಸಿದರು.

ಸೋನಾಲಿ ನಾಗ್ ಎಂಬ ಸಂಶೋಧಕಿ ಕನ್ನಡ ಕಲಿಯುವ ಮಕ್ಕಳ ಓದನ್ನು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದರು. ಸಾಮಾನ್ಯ ಮಕ್ಕಳಿಗೇ ಕನ್ನಡದ ಅಕ್ಷರಗಳೆಲ್ಲ ಕೈವಶವಾಗಲು ಒಂದನೇ ಎರಡನೇ ತರಗತಿ ಸಾಲದು, ನಾಲ್ಕನೇ ತರಗತಿಯವರೆಗೂ ಕಲಿಕೆ ನಡೆದೇ ಇರುತ್ತದೆ ಎಂಬುದನ್ನು ಅದು ತೋರಿಸಿತು. ಅಂದರೆ ಒಂದನೇ ತರಗತಿಯಲ್ಲಿ ಒತ್ತಕ್ಷರ ತಪ್ಪಿದ ಮಗುವನ್ನು ದಡ್ಡ ಎನ್ನುವುದೇ ಅವಿವೇಕ. ಹಾಗೆಯೇ ನಾಲ್ಕನೇ ತರಗತಿಯಲ್ಲೂ ಕಾಗುಣಿತದಲ್ಲೇ ಒದ್ದಾಡುವ ಮಗುವನ್ನು 'ಬೆಳೆದಂತೆ ಸರಿಹೋಗುತ್ತದೆ ಬಿಡಿ' ಎಂದು ಬಿಟ್ಟುಬಿಡುವುದೂ ಅವಿವೇಕವೇ.

ಇನ್ನೊಂದು ಸೂಕ್ಷ್ಮ ಇದೆ. ಬರೆದಂತೆ ಓದುವ ಲಿಪಿಗಳಲ್ಲಿ ತೊಡಕಿರುವ ಮಗು ಕೊನೆಗೆ ಪದವನ್ನು ಸರಿಯಾಗಿಯೇ ಓದಬಹುದು, ಆದರೆ ಬಹಳ ನಿಧಾನವಾಗಿ. ಒಂದು ಸಾಲು ಮುಗಿಯುವಷ್ಟರಲ್ಲಿ ಸಾಲಿನ ಮೊದಲ ಪದ ಮರೆತಿರುತ್ತದೆ. ಮೇಷ್ಟ್ರಿಗೆ ತಪ್ಪು ಮಾತ್ರ ಕಾಣುತ್ತದೆ, ನಿಧಾನ ಕಾಣುವುದಿಲ್ಲ. 'ಓದ್ತಾನೆ, ಆದರೆ ಗಮನ ಇಲ್ಲ' ಎಂದು ವರದಿ ಬರೆಯುತ್ತಾರೆ. ಹೀಗಾಗಿ ಇಂಗ್ಲಿಷಿಗಾಗಿ ಮಾಡಿದ ಪರೀಕ್ಷೆಯನ್ನು ಅನುವಾದ ಮಾಡಿ ಕನ್ನಡದ ಮಗುವಿನ ಮುಂದಿಟ್ಟರೆ ಪ್ರಯೋಜನವಿಲ್ಲ. ಕನ್ನಡದ ಓದು ಹೇಗೆ ನಡೆಯುತ್ತದೆ ಎಂದು ಬಲ್ಲವರು ಕನ್ನಡಕ್ಕೆಂದೇ ಪರೀಕ್ಷೆ ಕಟ್ಟಬೇಕು.

ಅಂಥದ್ದು ಇಲ್ಲವೇ ಇಲ್ಲ ಎಂದಲ್ಲ. ಹರಿಯಾಣದ ಮಾನೇಸರದಲ್ಲಿರುವ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ 2015ರಲ್ಲಿ 'ಡಾಲಿ' ಎಂಬ ಪರೀಕ್ಷಾ ಸಾಮಗ್ರಿಯನ್ನು ಹೊರತಂದಿತು. ಹಿಂದಿ, ಮರಾಠಿ, ಇಂಗ್ಲಿಷಿನ ಜೊತೆ ಮೊದಲ ಪಂಕ್ತಿಯಲ್ಲೇ ಕನ್ನಡವೂ ಇತ್ತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾ ಮಾಲೆಯನ್ನೇ 2018ರಲ್ಲಿ ಕೇಂದ್ರ ಸರ್ಕಾರ ಇಡೀ ದೇಶದಲ್ಲಿ ಪ್ರಮಾಣಪತ್ರ ಕೊಡಲು ಗೊತ್ತು ಮಾಡಿತು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಐದು ದಶಕಗಳಿಗೂ ಮೇಲಿನಿಂದ ಕೆಲಸ ಮಾಡುತ್ತಿದೆ. ವಿದ್ಯೆ ನಮ್ಮ ನೆಲದಲ್ಲೇ ಇದೆ. ಅದು ಗಂಗೋತ್ರಿಯ ಗೇಟು ದಾಟಿ ನಿಮ್ಮ ಬೀದಿಯ ಸರ್ಕಾರಿ ಶಾಲೆಗೆ ಬಂದಿದೆಯೇ? ನಿಮ್ಮ ಶಾಲೆಯ ಮೇಷ್ಟ್ರನ್ನು ಕೇಳಿ ನೋಡಿ, ಉತ್ತರ ಅವರೇ ಹೇಳುತ್ತಾರೆ.

ಈಗ ಕನ್ನಡವನ್ನು ಕಿತ್ತುಕೊಳ್ಳುವ ಕತೆಗೆ ಬರೋಣ. ಮಗು ಓದುತ್ತಿಲ್ಲ ಎಂದು ಮನೆಯವರು ಗಾಬರಿಯಾಗುತ್ತಾರೆ. ಸಾಲ ಮಾಡಿ ಕಾನ್ವೆಂಟಿಗೆ ಹಾಕಿರುತ್ತಾರೆ. ಶಾಲೆಯವರು ಕರೆದು ಹೇಳುವ ಮೊದಲ ಸಲಹೆ: 'ನೋಡಿ ಅಮ್ಮಾ, ಮಗುವಿಗೆ ಎರಡು ಭಾಷೆ ಗೊಂದಲ ಆಗ್ತಿದೆ. ಮನೆಯಲ್ಲಿ ಕನ್ನಡ ಬಿಡಿ, ಇಂಗ್ಲಿಷಿನಲ್ಲೇ ಮಾತಾಡಿ.' ಪಾಪ, ಇಂಗ್ಲಿಷು ಬಾರದ ಆ ತಾಯಿ ಮಗುವಿನ ಹತ್ತಿರ 'ಕಮ್, ಗೋ, ಈಟ್, ಸ್ಲೀಪ್' ಎಂಬ ನಾಲ್ಕು ಪದಗಳಲ್ಲಿ ಸಂಸಾರ ಮಾಡುತ್ತಾಳೆ. ಅಜ್ಜಿಯ ಕತೆ ನಿಂತಿತು. ಅಪ್ಪನ ತಮಾಷೆ ನಿಂತಿತು. ಓದು ಬಾರದ ಮಗುವಿಗೆ ಈಗ ಮಾತೂ ಕಟ್ಟಿಹೋಯಿತು.

ಈ ಸಲಹೆ ಶುದ್ಧ ತಪ್ಪು. ಎರಡು ಭಾಷೆ ಆಡುವುದರಿಂದ ಡಿಸ್ಲೆಕ್ಸಿಯಾ ಬರುವುದಿಲ್ಲ. ಮನೆಮಾತು ಬಿಟ್ಟರೆ ಅದು ಹೋಗುವುದೂ ಇಲ್ಲ. ಓದು ನಿಲ್ಲುವುದು ಮಾತಿನ ಮೇಲೆ. ಮಗುವಿನ ತಲೆಯಲ್ಲಿ ಪದಗಳ ಕಣಜ ತುಂಬಿದ್ದರೆ, ಕಷ್ಟಪಟ್ಟು ಬಿಡಿಸಿ ಓದಿದ ಅಕ್ಷರಗಳಿಗೆ ಅರ್ಥ ಹೊಳೆಯುತ್ತದೆ. ಕಣಜವೇ ಬರಿದಾದರೆ ಬಿಡಿಸಿ ಓದಿ ಏನು ಫಲ?

ಇನ್ನೊಂದು ಸತ್ಯ ಕೇಳಿ. ಇಂಗ್ಲೆಂಡ್, ಫ್ರಾನ್ಸ್, ಇಟಲಿ ಮೂರೂ ದೇಶಗಳ ಡಿಸ್ಲೆಕ್ಸಿಯಾ ಇರುವವರನ್ನು ಹೋಲಿಸಿದ ಒಂದು ಸಂಶೋಧನೆ 2001ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಓದುವಾಗ ಮಿದುಳಿನಲ್ಲಿ ಕಂಡ ವ್ಯತ್ಯಾಸ ಮೂವರಲ್ಲೂ ಒಂದೇ. ಆದರೆ ಇಟಲಿಯವರು ಉಳಿದಿಬ್ಬರಿಗಿಂತ ಚೆನ್ನಾಗಿ ಓದುತ್ತಿದ್ದರು. ಕಾರಣ, ಇಟಾಲಿಯನ್ನು ಬರೆದಂತೆ ಓದುವ ಭಾಷೆ. ಇಂಗ್ಲಿಷು, ಫ್ರೆಂಚು ಹಾಗಲ್ಲ. ಇದರ ಅರ್ಥ ಕನ್ನಡ ಸುಲಭ ಎಂದಲ್ಲ. ನಮ್ಮ ನಾನೂರು ಆಕಾರಗಳ ಭಾರ ಆಗಲೇ ನೋಡಿದೆವು. ಆದರೆ ನಮ್ಮಲ್ಲಿ ಕಲಿತ ನಿಯಮ ಕೈಕೊಡುವುದಿಲ್ಲ. ಇಂಗ್ಲಿಷಿನಲ್ಲಿ ಕಲಿತ ನಿಯಮ ಮುಂದಿನ ಸಾಲಿನಲ್ಲೇ ಕೈಕೊಡುತ್ತದೆ. ಕನ್ನಡ ಬಿಡಿಸಿ ಇಂಗ್ಲಿಷಿಗೆ ದೂಡಿದರೆ ಮಗುವಿನ ಕಷ್ಟ ಕಡಿಮೆಯಾಗುತ್ತದೆ ಎನ್ನುವವರು, ಕೆರೆಯಲ್ಲಿ ಈಜು ಬಾರದವನನ್ನು ಕಡಲಿಗೆ ಒಯ್ಯುವವರು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ನಿಮಗೇ ಹೇಳಬೇಕು. ಈ ಮಕ್ಕಳಿಗೆ ಪರೀಕ್ಷೆಯಲ್ಲಿ ರಿಯಾಯಿತಿಗಳಿವೆ. ಹೆಚ್ಚು ಸಮಯ, ಬರೆದುಕೊಡಲು ಸಹಾಯಕ, ಕೆಲವು ಭಾಷಾ ವಿಷಯಗಳಿಂದ ವಿನಾಯಿತಿ. ನಮ್ಮಲ್ಲಿ ಕೆಲವರು 'ಕನ್ನಡದಿಂದ ವಿನಾಯಿತಿಯೇ? 2015ರ ಕನ್ನಡ ಭಾಷಾ ಕಲಿಕಾ ಕಾಯಿದೆ ಏನಾಯಿತು?' ಎಂದು ಬಾವುಟ ಹಿಡಿದು ಹೊರಟಾರು. ಹೊರಡಬೇಡಿ. ಮೂರು ಭಾಷೆಯ ಮೂರು ಲಿಪಿಗಳನ್ನು ಒಟ್ಟಿಗೆ ಹೊರಲಾರದ ಮಗುವಿಗೆ ಆ ವಿನಾಯಿತಿ ಉಸಿರು. ಅದನ್ನು ಕಸಿದು ಕನ್ನಡ ಉಳಿಸುತ್ತೇವೆ ಎನ್ನುವುದು ಕನ್ನಡಕ್ಕೆ ಅವಮಾನ. ನೀವು ಕೇಳಬೇಕಾದ ಪ್ರಶ್ನೆ ಬೇರೆ. ಒಂದೇ ಭಾಷೆ ಉಳಿಸಿಕೊಳ್ಳಿ ಎಂದಾಗ ಕನ್ನಡದ ಮನೆಯ ಮಗು ಕನ್ನಡವನ್ನೇ ಉಳಿಸಿಕೊಳ್ಳುವ ಧೈರ್ಯ ಮಾಡುವಂತೆ ನಮ್ಮ ವ್ಯವಸ್ಥೆ ಇದೆಯೇ? ಕನ್ನಡದಲ್ಲಿ ಓದು ತಿದ್ದುವ ತರಬೇತಿ ಪಡೆದ ಶಿಕ್ಷಕಿ ಸಿಗುತ್ತಾಳೆಯೇ? ಹಂತಹಂತದ ಪುಸ್ತಕ ಸಿಗುತ್ತದೆಯೇ? ಅಂಗಡಿಗೆ ಹೋಗಿ ಕೇಳಿ. ಇಂಗ್ಲಿಷಿನಲ್ಲಾದರೆ ಕಪಾಟುಗಟ್ಟಲೆ ತೋರಿಸುತ್ತಾರೆ. ಅಪ್ಪ ಅಮ್ಮ ಕನ್ನಡ ಬಿಡಿಸುವುದು ಕನ್ನಡದ ಮೇಲಿನ ದ್ವೇಷದಿಂದಲ್ಲ. ಸಹಾಯ ಸಿಗುವ ಕಡೆಗೆ ಹೋಗುತ್ತಾರೆ, ಅಷ್ಟೆ. ಪರೀಕ್ಷೆಯಿಂದ ವಿನಾಯಿತಿ ಇರಲಿ, ಭಾಷೆಯಿಂದ ಗಡಿಪಾರು ಬೇಡ.

2014ರ ಮೇ 6ರಂದು ಸುಪ್ರೀಂ ಕೋರ್ಟು, ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು ತೀರ್ಪಿತ್ತಾಗ ನಾವೆಲ್ಲ ಕುದಿದೆವು. ಕಾನೂನಿನಿಂದ ಕಟ್ಟಿಹಾಕಲಾಗದ ಮೇಲೆ ಉಳಿದ ದಾರಿ ಒಂದೇ. ಕನ್ನಡದಲ್ಲಿ ಕಲಿತರೆ ಮಗುವಿಗೆ ಚೆನ್ನಾಗಿ ಕಲಿಸುತ್ತಾರೆ ಎಂಬ ನಂಬಿಕೆ ಹುಟ್ಟಿಸುವುದು. ಎಲ್ಲರಿಗಿಂತ ಕಷ್ಟದಲ್ಲಿರುವ ಮಗುವಿಗೆ ಕಲಿಸಿ ತೋರಿಸುವ ಶಾಲೆಯನ್ನು ಉಳಿದವರು ತಾವಾಗಿ ನಂಬುತ್ತಾರೆ.

ಇನ್ನು ಕಾಯಿದೆ ಏನು ಹೇಳುತ್ತದೆ ತಿಳಿದಿರಲಿ. 1995ರ ಅಂಗವಿಕಲರ ಕಾಯಿದೆಯಲ್ಲಿದ್ದ ಏಳು ವರ್ಗಗಳಲ್ಲಿ ಈ ಮಕ್ಕಳ ಹೆಸರೇ ಇರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ವರ್ಗಗಳು 21 ಆದವು, ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿತು. ಸರ್ಕಾರದ ಹಣ ಅಥವಾ ಮಾನ್ಯತೆ ಪಡೆದ ಪ್ರತಿ ಶಾಲೆಯೂ ಇಂಥ ಮಕ್ಕಳನ್ನು ಆದಷ್ಟು ಬೇಗ ಗುರುತಿಸಿ, ತಕ್ಕ ರೀತಿಯಲ್ಲಿ ಕಲಿಸುವಂತೆ ಸರ್ಕಾರ ನೋಡಿಕೊಳ್ಳಬೇಕೆಂದು ಅದರ 16ನೇ ಸೆಕ್ಷನ್ ಹೇಳುತ್ತದೆ. ಶೇ. 40 ಅಥವಾ ಹೆಚ್ಚಿನ ಪ್ರಮಾಣದ ತೊಡಕು ಎಂದು ಪ್ರಮಾಣಪತ್ರ ಸಿಕ್ಕ ಮಗುವಿಗೆ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ವಿಕಲಚೇತನರಿಗೆಂದು ಶೇ. 5ರಷ್ಟು ಸೀಟುಗಳಿವೆ. 2021ರಲ್ಲಿ ಸುಪ್ರೀಂ ಕೋರ್ಟು ವಿಶೇಷ ಶಿಕ್ಷಕರ ಹುದ್ದೆಗಳನ್ನು ಸೃಷ್ಟಿಸಿ ತುಂಬಬೇಕೆಂದು ಹೇಳಿತು. ಕಾಗದದ ಮೇಲೆ ಕೊರತೆಯಿಲ್ಲ. ಆದರೆ ಕಾಗದ ಪಾಠ ಮಾಡುವುದಿಲ್ಲ.

ಹಾಗಾದರೆ ಪಾಠ ಮಾಡುವುದು ಹೇಗೆ? ಇದು ಮಂತ್ರವಿದ್ಯೆಯಲ್ಲ. 1930ರ ದಶಕದಲ್ಲಿ ಅಮೆರಿಕದ ವೈದ್ಯ ಸ್ಯಾಮ್ಯುಯೆಲ್ ಆರ್ಟನ್ ಮತ್ತು ಶಿಕ್ಷಕಿ ಆನಾ ಗಿಲಿಂಗಮ್ ಒಂದು ದಾರಿ ಹಾಕಿದರು. ಕಣ್ಣು, ಕಿವಿ, ಬಾಯಿ, ಕೈ ನಾಲ್ಕನ್ನೂ ಒಟ್ಟಿಗೆ ದುಡಿಸಿ, ಸಣ್ಣ ಸಣ್ಣ ಹೆಜ್ಜೆಯಲ್ಲಿ, ಒಂದು ಗಟ್ಟಿಯಾದ ಮೇಲೆ ಇನ್ನೊಂದು ಕಲಿಸುವುದು. ನಮ್ಮವರಿಗೆ ಇದು ಹೊಸದೇ? ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸಿ, ಬಾಯಲ್ಲಿ ಗಟ್ಟಿಯಾಗಿ ಹೇಳಿಸುತ್ತಿದ್ದ ಕೂಲಿಮಠಗಳು ಇದ್ದದ್ದು ಈ ನಾಡಿನಲ್ಲೇ. ಅಲ್ಲಿಯ ಕೋದಂಡ ಶಿಕ್ಷೆ ಬೇಡ, ಮರಳು ಮಾತ್ರ ಸಾಕು.

ತಟ್ಟೆಯಲ್ಲಿ ರಾಗಿಯೋ ರವೆಯೋ ಹರಡಿ ಅಕ್ಷರ ಬರೆಸಿ, ಬರೆಯುತ್ತಾ ಸದ್ದು ಹೇಳಿಸಿ. ಒಮ್ಮೆಗೆ ನಾಲ್ಕೈದು ಅಕ್ಷರ ಸಾಕು. ಒಂದರಂತೊಂದು ಕಾಣುವ 'ದ', 'ಧ'ಗಳನ್ನು ಒಂದೇ ದಿನ ಕಲಿಸಬೇಡಿ. ಒಂದು ಗಟ್ಟಿಯಾಗಲಿ, ಆಮೇಲೆ ಇನ್ನೊಂದು. ಗುಡಿಸಿಗೆ ಒಂದು ಬಣ್ಣ, ಕೊಂಬಿಗೆ ಒಂದು ಬಣ್ಣ, ಒತ್ತಿಗೆ ಇನ್ನೊಂದು. 'ಶಕ್ತಿ'ಯನ್ನು ಮೊದಲು 'ಶ, ಕ್, ತಿ' ಎಂದು ಬಿಡಿಸಿ ಚೀಟಿಗಳಲ್ಲಿ ಇಟ್ಟು, ಮಗುವಿನ ಕೈಯಿಂದಲೇ ಕೂಡಿಸಿ. ಪುಸ್ತಕದ ಅಕ್ಷರ ದೊಡ್ಡದಿರಲಿ, ಸಾಲುಗಳ ನಡುವೆ ಜಾಗವಿರಲಿ. ಓದುವ ಸಾಲಿನ ಕೆಳಗೆ ಒಂದು ಪಟ್ಟಿ ಇಟ್ಟುಕೊಳ್ಳಲಿ. ತರಗತಿಯೆದುರು ಏಕಾಏಕಿ ಎಬ್ಬಿಸಿ ಓದಿಸಬೇಡಿ. ಇತಿಹಾಸ, ವಿಜ್ಞಾನದ ಉತ್ತರವನ್ನು ಬಾಯಲ್ಲಿ ಕೇಳಿ. ಅವನಿಗೆ ಅಶೋಕ ಗೊತ್ತು, 'ಅಶೋಕ' ಬರೆಯಲು ಮಾತ್ರ ತಿಣುಕುತ್ತಾನೆ. ತಪ್ಪಿದ ಪದವನ್ನು ನೂರು ಸಲ ಬರೆಸುವ ಇಂಪೊಸಿಷನ್ನು ನಿಲ್ಲಿಸಿ. ನೂರು ಸಲ ತಪ್ಪು ಬರೆದರೆ ತಪ್ಪೇ ಗಟ್ಟಿಯಾಗುತ್ತದೆ.

ಇದರಲ್ಲಿ ಯಾವುದಕ್ಕೆ ಕೋಟಿ ರೂಪಾಯಿ ಬೇಕು ಹೇಳಿ? ಬೇಕಾಗಿರುವುದು ತಾಳ್ಮೆ, ತರಬೇತಿ, ಮತ್ತು ನಲವತ್ತು ಮಕ್ಕಳ ನಡುವೆ ಒಬ್ಬನಿಗೆ ಅರ್ಧ ಗಂಟೆ ಕೊಡಲು ಮೇಷ್ಟ್ರಿಗೆ ಬಿಡುವು. ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ ಎಲ್ಲವನ್ನೂ ಅವರ ತಲೆಗೇ ಕಟ್ಟಿ, ಆಮೇಲೆ ಪಾಠ ಸರಿಯಿಲ್ಲ ಎಂದು ಅವರನ್ನೇ ಬೈದರೆ ನ್ಯಾಯವಲ್ಲ.

ಓದು ಬಾರದ ಮಕ್ಕಳೆಲ್ಲ ಡಿಸ್ಲೆಕ್ಸಿಯಾದವರು ಎಂದೂ ತಿಳಿಯಬೇಡಿ. ಕನ್ನಡಕ ಬೇಕಾದ ಮಗು ಇರಬಹುದು, ಕಿವಿ ಮಂದವಾದ ಮಗು ಇರಬಹುದು, ಹಸಿದು ಬಂದ ಮಗು ಇರಬಹುದು. ಮೇಷ್ಟ್ರೇ ಇಲ್ಲದ ಶಾಲೆಯ ಮಗು ಇರಬಹುದು. ಮನೆಯಲ್ಲಿ ಲಂಬಾಣಿ, ತುಳು, ಉರ್ದು, ಕೊಡವ ಆಡುವ ಮಗುವಿಗೆ ಶಾಲೆಯ ಕನ್ನಡ ಹೊಸದಾಗಿರಬಹುದು. ಆ ಮಗುವಿನ ಮನೆಮಾತಿಗೂ ನಾವು ನಮ್ಮ ಮಾತಿಗೆ ಕೇಳುವಷ್ಟೇ ಗೌರವ ಕೊಡಬೇಕು. ಹೆಸರು ಹಚ್ಚುವ ಕೆಲಸ ನುರಿತವರಿಗೆ ಬಿಡಿ. ನಿಮ್ಮ ಕೆಲಸ, ಮಗು ನುರಿತವರ ಹತ್ತಿರ ಮುಟ್ಟುವಂತೆ ನೋಡಿಕೊಳ್ಳುವುದು.

ನೀವೇನು ಮಾಡಬಹುದು? ಕೇಳಿ.

ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ನಿಮ್ಮ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗೆ ಬರೆಯಿರಿ: ಈ ಬ್ಲಾಕಿನಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು, ಅಂದರೆ ಬಿ.ಐ.ಇ.ಆರ್.ಟಿ.ಗಳು, ಎಷ್ಟು ಮಂದಿ ಇದ್ದಾರೆ? ಕಲಿಕೆಯ ತೊಡಕಿರುವ ಎಷ್ಟು ಮಕ್ಕಳನ್ನು ಗುರುತಿಸಿದ್ದಾರೆ? ಯಾವ ಭಾಷೆಯಲ್ಲಿ ಪರೀಕ್ಷಿಸಿದ್ದಾರೆ? ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಬಂದ ಉತ್ತರವನ್ನು ಹಿಡಿದು ಶಾಸಕರ ಬಾಗಿಲಿಗೆ ಹೋಗಿ. ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲೂ ಕನ್ನಡದಲ್ಲೇ ಪರೀಕ್ಷೆ ಆಗಬೇಕು, ಶಿಕ್ಷಕರ ತರಬೇತಿಯಲ್ಲಿ ಕನ್ನಡದ ಓದು ತಿದ್ದುವ ಪಾಠ ಸೇರಬೇಕು ಎಂದು ಹಕ್ಕೊತ್ತಾಯ ಮಾಡಿ. ಅಂಗಡಿ ಬೋರ್ಡಿನಲ್ಲಿ ಕನ್ನಡ ಚಿಕ್ಕದಾಗಿದ್ದರೆ ಬೀದಿಗಿಳಿಯುವ ಗಂಟಲು, ಪಠ್ಯಪುಸ್ತಕದಲ್ಲಿ ಕನ್ನಡ ಮಗುವಿನ ಕಣ್ಣಿಗೆ ಕಾಣದಷ್ಟು ಚಿಕ್ಕದಾಗಿದ್ದರೂ ಏಳಬೇಕು.

ಕಂಪ್ಯೂಟರಿನ ಮುಂದೆ ಕೂತು ಅನ್ನ ತಿನ್ನುವ ಗೆಳೆಯರು ನಿಮ್ಮಲ್ಲಿ ಸಾವಿರಾರು ಮಂದಿ ಇದ್ದೀರಿ. ಇವತ್ತು ಕೈಯಲ್ಲಿರುವ ಫೋನು ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ, ಕನ್ನಡದಲ್ಲಿ ಹೇಳಿದ್ದನ್ನು ಬರೆದುಕೊಳ್ಳುತ್ತದೆ. ಆ ಸೌಲಭ್ಯವನ್ನು ಒಬ್ಬ ತಾಯಿಗೆ ಕಲಿಸಿಕೊಡಿ. ರಜಾದಿನ ನಾಲ್ಕು ಜನ ಸೇರಿ ನಾಲ್ಕನೇ ತರಗತಿಯ ಪಾಠಗಳನ್ನು ಸ್ಪಷ್ಟ ಕನ್ನಡದಲ್ಲಿ ಓದಿ ಧ್ವನಿಮುದ್ರಿಸಿ ಹತ್ತಿರದ ಶಾಲೆಗೆ ಕೊಡಿ. ಒತ್ತಕ್ಷರ ಬಿಡಿಸಿ ತೋರಿಸುವ ಒಂದು ಆಟ ಕಟ್ಟಿ. ಹಸ್ತಪ್ರತಿ ಹಿಡಿದು ಬೀದಿ ಸುತ್ತುವುದಷ್ಟೇ ಕನ್ನಡದ ಕೆಲಸವಲ್ಲ.

ಇನ್ನೊಂದು, ಬಹಳ ಮುಖ್ಯ. ಯಾರಾದರೂ ಕನ್ನಡದಲ್ಲಿ ತಪ್ಪು ಬರೆದರೆ ಬಿದ್ದು ಬಿದ್ದು ನಗುವ, ಫೋಟೋ ತೆಗೆದು ಊರಿಗೆಲ್ಲ ಹಂಚುವ ಚಟ ಬಿಡಿ. ದೊಡ್ಡ ಕಂಪನಿ, ಸರ್ಕಾರಿ ಇಲಾಖೆ ತಪ್ಪು ಬರೆದರೆ ಝಾಡಿಸಿ. ಅವರಿಗೆ ಸಂಬಳ ಕೊಡುವುದು ಸರಿಯಾಗಿ ಬರೆಯಲಿ ಎಂದೇ. ಆದರೆ ಕಷ್ಟಪಟ್ಟು ನಾಲ್ಕು ಸಾಲು ಕನ್ನಡ ಬರೆದ ಹುಡುಗನ ಅಲ್ಪಪ್ರಾಣ ಮಹಾಪ್ರಾಣ ಹೆಕ್ಕಿ ನಕ್ಕರೆ, ಐದನೇ ಸಾಲನ್ನು ಅವನು ಎಂದೂ ಕನ್ನಡದಲ್ಲಿ ಬರೆಯುವುದಿಲ್ಲ.

ಒಂಬತ್ತನೇ ಶತಮಾನದ 'ಕವಿರಾಜಮಾರ್ಗ'ವನ್ನು ನೀವು ವೇದಿಕೆಯ ಮೇಲೆ ಮತ್ತೆ ಮತ್ತೆ ಕೇಳಿದ್ದೀರಿ. ಕಾವೇರಿಯಿಂದ ಗೋದಾವರಿಯವರೆಗಿನ ಗಡಿಯನ್ನು ಮಾತ್ರ ನೆನಪಿಟ್ಟುಕೊಂಡು, ಅದೇ ಗ್ರಂಥ ಈ ನಾಡಿನ ಜನರ ಬಗ್ಗೆ ಹೇಳಿದ್ದನ್ನು ಮರೆಯಬೇಡಿ. ಪುಸ್ತಕ ಹಿಡಿದು ಓದದಿದ್ದರೂ ಕಾವ್ಯ ಕಟ್ಟಬಲ್ಲ ಜಾಣರು ಎಂದು ಅದು ನಮ್ಮವರನ್ನು ಮೆಚ್ಚಿಕೊಂಡಿದೆ. ಮಲೆ ಮಾದಪ್ಪನ ಕತೆಯನ್ನು ರಾತ್ರಿಯಿಡೀ ಹಾಡುವ ಕಂಸಾಳೆಯವರು, ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರು, ಬೀಸುವ ಕಲ್ಲಿನ ಮುಂದೆ ಕೂತ ತಾಯಂದಿರು, ಇವರಲ್ಲಿ ಎಷ್ಟೋ ಮಂದಿಗೆ ಅಕ್ಷರ ಗೊತ್ತಿರಲಿಲ್ಲ. ಕನ್ನಡ ಇವರ ಬಾಯಲ್ಲಿ ಸಾವಿರ ವರ್ಷ ಬದುಕಿತು. ಓದು ನಿಧಾನವಾದ ಮಗುವಿಗೆ ಕನ್ನಡದ ಮೇಲೆ ಹಕ್ಕು ಕಡಿಮೆ ಎನ್ನಲು ನಾವು ಯಾರು? ಓದು ಕಲಿಯುವವರೆಗೂ ಅದಕ್ಕೆ ಕತೆ ಹೇಳಿ, ಹಾಡು ಹೇಳಿಸಿ, ನಾಟಕ ಆಡಿಸಿ. ಮಾತಿನ ಕನ್ನಡ ಗಟ್ಟಿಯಾಗಿರಲಿ. ಬರಹದ ಕನ್ನಡ ತಡವಾಗಿಯಾದರೂ ಬರುತ್ತದೆ.

ಈ ಸಲ ರಾಜ್ಯೋತ್ಸವಕ್ಕೆ ಚಂದಾ ಎತ್ತುವಾಗ ಆರ್ಕೆಸ್ಟ್ರಾದ ಖರ್ಚಿನಲ್ಲಿ ಸ್ವಲ್ಪ ಕಡಿತ ಮಾಡಿ. ಅದೇ ಹಣದಲ್ಲಿ ನಿಮ್ಮ ವಾರ್ಡಿನ ಸರ್ಕಾರಿ ಶಾಲೆಯ ಇಬ್ಬರು ಮೇಷ್ಟ್ರನ್ನು ಈ ವಿಷಯದ ತರಬೇತಿಗೆ ಕಳಿಸಿ. ಒಂದು ಮಗುವನ್ನು ಮೈಸೂರಿಗೋ ನಿಮ್ಹಾನ್ಸಿಗೋ ಪರೀಕ್ಷೆಗೆ ಕರೆದುಕೊಂಡು ಹೋಗಲು ಅದರ ತಾಯಿಗೆ ಬಸ್ ಚಾರ್ಜು ಕೊಡಿ. ಬಾವುಟ ಏರಿಸಿದ ಮಾರನೆಯ ದಿನವೇ ಆ ಶಾಲೆಗೆ ಹೋಗಿ, ಹೆಡ್‌ಮೇಷ್ಟ್ರನ್ನು ಕಂಡು ಒಂದೇ ಮಾತು ಕೇಳಿ: 'ಸಾರ್, ನಿಮ್ಮ ಶಾಲೆಯಲ್ಲಿ ಓದಲು ತುಂಬ ಕಷ್ಟ ಪಡುವ ಮಗು ಯಾವುದು? ಅದಕ್ಕೆ ನಾವೇನು ಮಾಡಲಿ?'